ಕಾಬೂಲಿನಲ್ಲಿ ಕುಡಿದ ಒಂದು ಕಪ್ ಟೀ

ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐನ ಮಾಜಿ ಮುಖ್ಯಸ್ಥ ಫೈಜ್ ಹಮೀದ್ ಸಾಹೇಬರಿಗೆ 14 ವರ್ಷ ಕಠಿಣ ಶಿಕ್ಷೆಯಾಯಿತಂತೆ. ಸುದ್ದಿ ಓದಿದ ಕೂಡಲೇ ನನಗೆ ಅವರ ಮುಖಕ್ಕಿಂತ ಮೊದಲು ನೆನಪಾದದ್ದು ಅವರ ಕೈಯಲ್ಲಿದ್ದ ಟೀ. 2021ರ ಸೆಪ್ಟೆಂಬರ್ 4, ಕಾಬೂಲಿನ ಸೆರೀನಾ ಹೋಟೆಲು. ತಾಲಿಬಾನಿಗಳು ಊರಿಗೆ ನುಗ್ಗಿ ಇನ್ನೂ ಮೂರು ವಾರ ತುಂಬಿರಲಿಲ್ಲ. ಆಗಿನ್ನೂ ಐಎಸ್‌ಐ ಮುಖ್ಯಸ್ಥರಾಗಿದ್ದ ಅವರು ಹೊಸ ಬೀಗರ ಮನೆ ನೋಡಲು ಬಂದವರ ಹಾಗೆ ನಗುನಗುತ್ತಾ ನಿಂತಿದ್ದರು. ಅಫ್ಘಾನಿಸ್ತಾನದ ಗತಿ ಮುಂದೇನು ಅಂತ ಪತ್ರಕರ್ತೆಯೊಬ್ಬರು ಕೇಳಿದ್ದಕ್ಕೆ, ಚಿಂತೆ ಮಾಡಬೇಡಿ, ಎಲ್ಲ ಸರಿಹೋಗುತ್ತೆ ಅಂದರು.

ಎಲ್ಲವೂ ಸರಿಹೋಯಿತು. ಅವರೊಬ್ಬರನ್ನು ಬಿಟ್ಟು.

ಶಿಕ್ಷೆ ಟೀ ಕುಡಿದದ್ದಕ್ಕಲ್ಲ, ತಪ್ಪು ತಿಳಿಯಬೇಡಿ. ರಾಜಕೀಯಕ್ಕೆ ಕೈ ಹಾಕಿದ್ದು, ಸರ್ಕಾರಿ ರಹಸ್ಯದ ಕಾಯ್ದೆ ಮುರಿದದ್ದು, ಅಧಿಕಾರ ದುರ್ಬಳಕೆ ಇತ್ಯಾದಿ. ಪಕ್ಕದ ದೇಶಕ್ಕೆ ಬೆಂಕಿ ಇಡುವುದು ಅಲ್ಲಿನ ಯಾವ ಕಾಯ್ದೆಯಲ್ಲೂ ಅಪರಾಧವಲ್ಲ, ಅದು ಡ್ಯೂಟಿ. ಆದರೆ ಪಾಕಿಸ್ತಾನದ ವಿದೇಶಾಂಗ ಮಂತ್ರಿ ಇಶಾಕ್ ದಾರ್ ಅವರೇ ಸಂಸತ್ತಿನಲ್ಲಿ ನಿಂತು, ಆ ಒಂದು ಕಪ್ ಟೀ ನಮಗೆ ಬಹಳ ದುಬಾರಿ ಬಿತ್ತು ಅಂತ ಗೋಳಾಡಿದರು. ಏರ್‌ಪೋರ್ಟಿನಲ್ಲಿ ಟೀ ಕುಡಿದು ಬಿಲ್ ನೋಡಿದವರಿಗೆ ಮಾತ್ರ ಅರ್ಥವಾಗುವ ಸಂಕಟ ಅದು.

ಈಗ ನಡೆಯುತ್ತಿರುವುದನ್ನು ನೋಡಿ. 20 ವರ್ಷ ಅಫ್ಘಾನಿಸ್ತಾನದವರು ಊರೂರಿಗೆ ಹೋಗಿ, ಸ್ವಾಮಿ, ನಮ್ಮ ಮೇಲೆ ದಾಳಿ ಮಾಡುವವರು ಪಕ್ಕದ ಮನೆಯಲ್ಲಿ ಉಂಡು ಮಲಗಿ ಬರ್ತಾರೆ ಅಂತ ದೂರು ಹೇಳುತ್ತಿದ್ದರು. ಪಕ್ಕದ ಮನೆಯವರು, ನಮ್ಮಲ್ಲಿ ಯಾರೂ ಇಲ್ಲ, ಅದು ನಿಮ್ಮ ಆಂತರಿಕ ಸಮಸ್ಯೆ, ನಮ್ಮನ್ನು ಯಾಕೆ ಎಳೀತೀರಿ ಅನ್ನುತ್ತಿದ್ದರು. 2025ರ ಅಕ್ಟೋಬರಿನಲ್ಲಿ ಪಾಕಿಸ್ತಾನಕ್ಕೂ ತಾಲಿಬಾನಿಗೂ ಗಡಿಯಲ್ಲಿ ಕಾದಾಟವಾದ ಮೇಲೆ ಕತಾರಿನ ದೋಹಾದಲ್ಲಿ, ಆಮೇಲೆ ಇಸ್ತಾಂಬುಲಿನಲ್ಲಿ ಅದೇ ನಾಟಕ ಮತ್ತೆ ನಡೆಯಿತು, ಪಾತ್ರಧಾರಿಗಳು ಮಾತ್ರ ವೇಷ ಅದಲುಬದಲು ಮಾಡಿಕೊಂಡಿದ್ದರು. ಪಾಕಿಸ್ತಾನ ಹೇಳಿತು: ನಮ್ಮ ಮೇಲೆ ದಾಳಿ ಮಾಡುವ ಟಿಟಿಪಿಯವರು, ಅಂದರೆ ಪಾಕಿಸ್ತಾನಿ ತಾಲಿಬಾನಿಗಳು, ನಿಮ್ಮ ನೆಲದಲ್ಲಿದ್ದಾರೆ, ಇನ್ನು ಮುಂದೆ ಹಾಗಾಗುವುದಿಲ್ಲ ಅಂತ ಲಿಖಿತ ಗ್ಯಾರಂಟಿ ಕೊಡಿ. ತಾಲಿಬಾನ್ ಹೇಳಿತು: ಅದು ನಿಮ್ಮ ಆಂತರಿಕ ಸಮಸ್ಯೆ. ಗುರುವಿಗೇ ಪಾಠ ಒಪ್ಪಿಸುವ ಇಂಥ ಶಿಷ್ಯರು ಎಲ್ಲರಿಗೂ ಸಿಗುವುದಿಲ್ಲ. (ಗ್ಯಾರಂಟಿ ಬೇಕಿದ್ದರೆ ಬೆಂಗಳೂರಿಗೆ ಬರಬಹುದಿತ್ತು. ನಮ್ಮಲ್ಲಿ ಒಂದಲ್ಲ, ಐದಿವೆ.)

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಆ ಮಗು ಬೆಳೆದು ದೊಡ್ಡದಾಗಿ ವಾಪಸ್ ಚಿವುಟಿದರೆ, ಚಿವುಟಿದವರು ಅಳುತ್ತಾ ಕತಾರಿನ ಮಡಿಲಿಗೆ ಹೋಗಿ ಕೂರುತ್ತಾರೆ ಅನ್ನೋದು ನನಗೆ ಹೊಸ ವಿಷಯ.

ದೋಹಾದಲ್ಲಿ ಇನ್ನೊಂದು ತಮಾಷೆ ಆಯಿತು, ಬಹಳ ಜನ ಗಮನಿಸಲಿಲ್ಲ. ಕದನವಿರಾಮ ಘೋಷಿಸುವಾಗ ಕತಾರಿನವರು ಪಾಪ, ಸಹೋದರ ದೇಶಗಳ ನಡುವಿನ ಗಡಿಯಲ್ಲಿ ಉದ್ವಿಗ್ನತೆ ಕೊನೆಯಾಗಲಿ ಅಂತ ಏನೋ ಬರೆದರು. ತಾಲಿಬಾನಿನವರು ಕೆರಳಿದರು. ಗಡಿಯಾ? ಯಾವ ಗಡಿ? 1893ರಲ್ಲಿ ಡ್ಯುರಾಂಡ್ ಅನ್ನೋ ಬ್ರಿಟಿಷ್ ಅಧಿಕಾರಿ ಎಳೆದ ಸುಮಾರು 2,600 ಕಿಲೋಮೀಟರ್ ಗೆರೆ ಅದು. ಅದನ್ನು ಗಡಿ ಅಂತ ಕಾಬೂಲಿನ ಕಮ್ಯುನಿಸ್ಟರೂ ಒಪ್ಪಲಿಲ್ಲ, ಆಮೇಲೆ ಬಂದ ಅಧ್ಯಕ್ಷ ಕರ್ಜೈ ಒಪ್ಪಲಿಲ್ಲ, ಇವರೂ ಒಪ್ಪುವುದಿಲ್ಲ. ಸರಿ, ಕತಾರಿನವರು ಆ ಪದ ತೆಗೆದು ಹೊಸ ಪ್ರಕಟಣೆ ಹಾಕಿದರು. ಬದು ಜಗಳ ಬಿಡಿಸಲು ಬಂದ ಪಂಚಾಯ್ತಿಯವರು ಬದು ಅನ್ನೋ ಮಾತೇ ಎತ್ತಬಾರದು! ಜಮೀನು ವ್ಯಾಜ್ಯ ನಡೆಸಿದವರಿಗೆ ಇದರ ರುಚಿ ಗೊತ್ತು. ಸರ್ವೆಯವನು ಸರಪಳಿ ಹಿಡಿದು ಬಂದಿದ್ದಾನೆ, ಆದರೆ ಅಳೆಯುವ ಹಾಗಿಲ್ಲ. ಕಾಫಿ ಕುಡಿದು ಹೋಗಬೇಕು.

ಕಾಫಿ, ಟೀ, ಹೋಟೆಲು. ಅಫ್ಘಾನಿಸ್ತಾನವನ್ನು ನೆಟ್ಟಗೆ ನಿಲ್ಲಿಸುವ ಕೆಲಸದಲ್ಲಿ ನಿಜಕ್ಕೂ ನೆಟ್ಟಗೆ ನಿಂತದ್ದು ಹೋಟೆಲ್ ಉದ್ಯಮ. 2001ರಲ್ಲಿ ಜರ್ಮನಿಯ ಬಾನ್ ಪಕ್ಕದ ಗುಡ್ಡದ ಮೇಲಿನ ಪೀಟರ್ಸ್‌ಬರ್ಗ್ ಹೋಟೆಲಿನ ಸಭೆಯಿಂದ ಶುರುವಾಯಿತು. ಆಮೇಲೆ ಲಂಡನ್, ಪ್ಯಾರಿಸ್, ಹೇಗ್, ಮತ್ತೆ ಲಂಡನ್, ಇಸ್ತಾಂಬುಲ್, ಮತ್ತೆ ಬಾನ್, ಟೋಕಿಯೊ, ಮತ್ತೂ ಲಂಡನ್, ಬ್ರಸೆಲ್ಸ್, ಜಿನೀವಾ, ಮತ್ತೆ ಜಿನೀವಾ. ಮಗಳ ಮದುವೆಗೆ ಸೀರೆ ಹುಡುಕಿ ಚಿಕ್ಕಪೇಟೆ ಸುತ್ತುವವರೂ ಇಷ್ಟು ಅಂಗಡಿ ಹತ್ತಿರಲಿಕ್ಕಿಲ್ಲ. ಟೋಕಿಯೊದಲ್ಲಿ 16 ಶತಕೋಟಿ ಡಾಲರ್ ಕೊಡುತ್ತೇವೆ ಅಂದರು, ಬ್ರಸೆಲ್ಸ್‌ನಲ್ಲಿ 15 ಚಿಲ್ಲರೆ. ಎಲ್ಲ ಕಡೆಯೂ ಕೊನೆಗೆ ಒಂದೇ ಪ್ರಕಟಣೆ: ಸಾರ್ವಭೌಮತ್ವಕ್ಕೆ ಗೌರವ, ನೆರೆಹೊರೆಯವರ ಹಸ್ತಕ್ಷೇಪ ಸಲ್ಲದು. ಆ ನೆರೆಯವರೇ ಅದಕ್ಕೆ ಒಪ್ಪಿಗೆ ಕೊಟ್ಟು, ಫೋಟೊಗೆ ನಿಂತು, ಊಟ ಮಾಡಿ ಹೋಗುತ್ತಿದ್ದರು. 2011ರ ಬಾನ್ ಸಭೆಗೆ ಮಾತ್ರ ಬರಲಿಲ್ಲ. ಕೆಲವೇ ದಿನ ಮೊದಲು ನೇಟೋ ದಾಳಿಯಲ್ಲಿ ಅವರ 24 ಸೈನಿಕರು ಸತ್ತಿದ್ದರು, ಸಿಟ್ಟು ನ್ಯಾಯವೇ. ಆದರೆ ಆ ಸಭೆಯಲ್ಲಿ ಎಲ್ಲರೂ ಮಾತಾಡಿದ್ದು ಬಾರದವರ ಬಗ್ಗೆಯೇ.

ನನಗೆ ಈ ಇಡೀ ಪುರಾಣದಲ್ಲಿ ಅತ್ಯಂತ ಇಷ್ಟದ ವ್ಯಕ್ತಿ ಮಂತ್ರಿಯೂ ಅಲ್ಲ, ಜನರಲ್ಲೂ ಅಲ್ಲ. 2010ರಲ್ಲಿ ಬಂದ ಆ ಪುಣ್ಯಾತ್ಮ. ನೆನಪಿದೆಯಲ್ಲ? ತಾಲಿಬಾನಿನ ಎರಡನೇ ನಾಯಕ ಮುಲ್ಲಾ ಅಖ್ತರ್ ಮನ್ಸೂರ್ ರಹಸ್ಯ ಮಾತುಕತೆಗೆ ಒಪ್ಪಿದ್ದಾನೆ ಅಂತ ಸಡಗರ. ನೇಟೋ ವಿಮಾನದಲ್ಲಿ ಕಾಬೂಲಿಗೆ ಕರೆತಂದರು. ಅಧ್ಯಕ್ಷರ ಅರಮನೆಗೂ ಕರೆದುಕೊಂಡು ಹೋದರು ಅಂತ ವರದಿ, ನಾನು ಭೇಟಿಯೇ ಆಗಿಲ್ಲ ಅಂತ ಕರ್ಜೈ. ಬಂದುಹೋಗುವ ಕಷ್ಟಕ್ಕೆ ಕೈತುಂಬ ದುಡ್ಡೂ ಕೊಟ್ಟರು. ಮೂರು ಸಿಟ್ಟಿಂಗ್ ಆದ ಮೇಲೆ ಗೊತ್ತಾಯಿತು, ಅವನು ಮನ್ಸೂರ್ ಅಲ್ಲ. ಕ್ವೆಟ್ಟಾದ ಯಾರೋ ಅಂಗಡಿಯವನಂತೆ.

ಎಷ್ಟು ಸಲ ನೆನೆಸಿಕೊಂಡರೂ ಸಾಲದು ಈ ಮನುಷ್ಯನನ್ನು. ಬೆಳಿಗ್ಗೆ ಅಂಗಡಿ ಶಟರ್ ಎಳೆದು, ಪಕ್ಕದ ಅಂಗಡಿಯವನಿಗೆ, ಸ್ವಲ್ಪ ನೋಡ್ಕೊಳ್ಳಪ್ಪ, ಸೂಪರ್ ಪವರ್ ಜತೆ ಒಂದು ಮೀಟಿಂಗ್ ಇದೆ ಅಂತ ಹೇಳಿ ಹೊರಟಿರಬೇಕು. ಸಾಲ ಕೇಳುವ ಗಿರಾಕಿಗಳ ಜತೆ ಜೀವನವಿಡೀ ಚೌಕಾಸಿ ಮಾಡಿದವನಿಗೆ ರಾಯಭಾರಿಗಳು ಯಾವ ಲೆಕ್ಕ? ಜಗತ್ತಿನ ಎಲ್ಲರ ಫೋನ್ ಕದ್ದು ಕೇಳುವ ಗುಪ್ತಚರರಿಗೆ ಎದುರಿಗೆ ಕೂತವನು ಯಾರು ಅಂತ ತಿಳಿಯಲಿಲ್ಲ. ನಮ್ಮ ಬ್ಯಾಂಕಿನಲ್ಲಿ ಸಹಿಯ ಬಾಲ ಒಂದಿಷ್ಟು ಉದ್ದವಾದರೆ ಚೆಕ್ ವಾಪಸ್ ಬರುತ್ತೆ ಕಣ್ರೀ! ಇದರಲ್ಲಿ ಇನ್ನೂ ಚೆಂದದ್ದು ಅವನಿಟ್ಟ ಬೇಡಿಕೆಗಳು. ವಿದೇಶಿ ಸೈನ್ಯ ತೊಲಗಬೇಕು ಅಂತ ಪಟ್ಟು ಹಿಡಿಯಲಿಲ್ಲವಂತೆ. ನಮ್ಮವರು ಊರಿಗೆ ವಾಪಸ್ ಬಂದರೆ ರಕ್ಷಣೆ ಇರಲಿ, ಹುಡುಗರಿಗೆ ಕೆಲಸ ಕೊಡಿ, ಕೈದಿಗಳನ್ನು ಬಿಡಿ, ಇಷ್ಟೇ. ಅಲ್ಲಿಯವರೆಗೆ ಸಿಕ್ಕ ತಾಲಿಬಾನಿಗಳಲ್ಲೇ ಇಷ್ಟು ವಿವೇಕದವನು ಇನ್ನೊಬ್ಬನಿರಲಿಲ್ಲ. ಅವನು ನಕಲಿ ಅಂತ ಆಗಲೇ ಅನುಮಾನ ಬರಬೇಕಿತ್ತು. ನನ್ನನ್ನು ಕೇಳಿದ್ದರೆ ಅವನನ್ನೇ ಅಧ್ಯಕ್ಷ ಮಾಡಿ ಅನ್ನುತ್ತಿದ್ದೆ. ದುಡ್ಡು ಇಸಿದುಕೊಂಡು ಯಾರಿಗೂ ಗುಂಡು ಹೊಡೆಯದೆ ಮನೆಗೆ ಹೋದವನು ಅವನೊಬ್ಬನೇ.

ನಕಲಿಯವನ ಕಥೆ ಹಾಗಾದರೆ ಸತ್ತವನದು ಇನ್ನೊಂದು. 2015ರ ಜುಲೈ 7ರಂದು ಪಾಕಿಸ್ತಾನದ ಮರೀ ಗಿರಿಧಾಮದಲ್ಲಿ ಕಾಬೂಲ್ ಸರ್ಕಾರಕ್ಕೂ ತಾಲಿಬಾನಿಗೂ ಮಾತುಕತೆ. ಆತಿಥ್ಯ, ಮಧ್ಯಸ್ಥಿಕೆ ಎಲ್ಲ ಪಾಕಿಸ್ತಾನದ್ದೇ. ವಾರ ಕಳೆಯುತ್ತಲೇ ತಾಲಿಬಾನಿನ ಪರಮೋಚ್ಚ ನಾಯಕ ಮುಲ್ಲಾ ಒಮರ್ ಹೆಸರಿನಲ್ಲಿ ಈದ್ ಸಂದೇಶ ಬಂತು: ಶತ್ರುವಿನ ಜತೆ ಮಾತುಕತೆ ಧರ್ಮಸಮ್ಮತ. ಜಗತ್ತು ಚಪ್ಪಾಳೆ ತಟ್ಟಿತು. ಮತ್ತೆರಡು ವಾರಕ್ಕೆ ಗೊತ್ತಾಯಿತು, ಒಮರ್ 2013ರ ಏಪ್ರಿಲ್‌ನಲ್ಲೇ ತೀರಿಹೋಗಿದ್ದಾನೆ. ಎರಡು ವರ್ಷದಿಂದ ಮಣ್ಣಿನಡಿ ಮಲಗಿದ್ದವನು ಶಾಂತಿಗೆ ಒಪ್ಪಿಗೆ ಕೊಟ್ಟಿದ್ದ. ನಮ್ಮ ಪಿಂಚಣಿ ಕಚೇರಿಯವರು ನವೆಂಬರ್ ಬಂದರೆ ಬದುಕಿರುವವರಿಂದಲೇ ಬದುಕಿದ್ದೇನೆ ಅಂತ ಬರೆಸಿಕೊಳ್ಳುತ್ತಾರೆ, ಅವರನ್ನು ಸುಮ್ಮನೆ ಬೈಯುತ್ತೇವೆ ನಾವು. ಎಲ್ಲಿ ಸತ್ತ ಅನ್ನೋದಕ್ಕೂ ಎರಡು ಕಥೆ: ಕರಾಚಿಯ ಆಸ್ಪತ್ರೆಯಲ್ಲಿ ಅಂತ ಕಾಬೂಲಿನ ಗುಪ್ತಚರರು, ಅಫ್ಘನ್ ನೆಲದಲ್ಲೇ ಅಂತ ತಾಲಿಬಾನ್. ಆತನ ಮಗ ಮುಲ್ಲಾ ಯಾಕೂಬ್ ಈಗ ರಕ್ಷಣಾ ಮಂತ್ರಿ. 2025ರಲ್ಲಿ ದೋಹಾದ ಮೇಜಿನಲ್ಲಿ ಪಾಕಿಸ್ತಾನದ ರಕ್ಷಣಾ ಮಂತ್ರಿ ಖ್ವಾಜಾ ಆಸಿಫ್ ಎದುರಿಗೆ ಕೂತು ಸಹಿ ಹಾಕಿದ್ದು ಅವನೇ.

ನಗುತ್ತಾ ಬರೆಯುತ್ತಿದ್ದೆ. ಆದರೆ ಬುರ್ಹಾನುದ್ದೀನ್ ರಬ್ಬಾನಿಯವರ ಹೆಸರು ಬಂದಾಗ ಕೈ ನಿಲ್ಲುತ್ತೆ. ಉನ್ನತ ಶಾಂತಿ ಮಂಡಳಿಯ ಅಧ್ಯಕ್ಷ, ಮಾಜಿ ರಾಷ್ಟ್ರಾಧ್ಯಕ್ಷ, ಮುದುಕ. 2011ರ ಸೆಪ್ಟೆಂಬರ್ 20ರಂದು ತಾಲಿಬಾನಿನ ಶಾಂತಿ ಸಂದೇಶ ತಂದಿದ್ದೇನೆ ಅಂತ ಒಬ್ಬ ಮನೆಗೆ ಬಂದ. ಬರಮಾಡಿಕೊಂಡರು. ಅಪ್ಪಿಕೊಳ್ಳಲು ತಲೆ ಬಗ್ಗಿಸಿದವನ ಪೇಟದೊಳಗೆ ಬಾಂಬಿತ್ತು. ಇದರ ಮೇಲೆ ವಿಡಂಬನೆ ಬರೆಯಲು ನನಗೆ ಬರುವುದಿಲ್ಲ. ಆಮೇಲೂ ಸಭೆ ನಡೆದವು, ಪ್ರಕಟಣೆ ಹೊರಟವು, ಹಸ್ತಕ್ಷೇಪ ಸಲ್ಲದು ಅಂತ ಮತ್ತೆ ಅದೇ ಸಾಲು. ಯಾರ ಹಸ್ತ? ಹೆಸರು ಹೇಳಿದರೆ ರಾಜತಾಂತ್ರಿಕ ಸಭ್ಯತೆ ಕೆಡುತ್ತಿತ್ತು.

ಒಬ್ಬರು ಹೇಳಿದರು, ಹೇಳಲಿಲ್ಲ ಅಂತಲ್ಲ. 2016ರ ಡಿಸೆಂಬರ್, ನಮ್ಮ ಅಮೃತಸರ, ‘ಏಷ್ಯಾದ ಹೃದಯ’ ಸಮ್ಮೇಳನ. ಅಫ್ಘಾನಿಸ್ತಾನದ ಪುನರ್ನಿರ್ಮಾಣಕ್ಕೆ ಪಾಕಿಸ್ತಾನ 50 ಕೋಟಿ ಡಾಲರ್ ಘೋಷಿಸಿತ್ತು. ಆಗಿನ ಅಫ್ಘನ್ ಅಧ್ಯಕ್ಷ ಅಶ್ರಫ್ ಘನಿ ವೇದಿಕೆಯ ಮೇಲಿಂದಲೇ ಪಾಕಿಸ್ತಾನದ ಪ್ರತಿನಿಧಿ ಸರ್ತಾಜ್ ಅಜೀಜ್ ಕಡೆ ತಿರುಗಿ, ಆ ಹಣವನ್ನು ನೀವೇ ಇಟ್ಟುಕೊಂಡು ಉಗ್ರರನ್ನು ಹತೋಟಿಗೆ ತರಲು ಬಳಸಿ ಅನ್ನೋ ಅರ್ಥದ ಮಾತು ಹೇಳಿದರು. ನಮ್ಮ ಟಿವಿಗಳಿಗೆ ಅವತ್ತು ದೀಪಾವಳಿ. ಐದು ವರ್ಷಕ್ಕೆ ಘನಿ ಹೆಲಿಕಾಪ್ಟರ್ ಹತ್ತಿ ದೇಶ ಬಿಟ್ಟರು. ಮಾತು ಚೆನ್ನಾಗಿತ್ತು, ಅಷ್ಟರಮಟ್ಟಿಗೆ.

ಅದಕ್ಕೂ ಮೊದಲೇ ಅವರ ಮನೆ ಮಾರಾಟ ಆಗಿತ್ತು ಅನ್ನಿ. 2020ರ ಫೆಬ್ರವರಿ 29ರ ದೋಹಾ ಒಪ್ಪಂದ ಓದಿದ್ದೀರಾ? ನಾಲ್ಕೇ ಪುಟ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕೂರುವ ಪತ್ರ ಬರಹಗಾರರೂ ನಾಚಬೇಕು. ತಾಲಿಬಾನ್ ಅಂತ ಬರೆಯಬೇಕಾದ ಕಡೆಯಲ್ಲೆಲ್ಲ, ಅಮೆರಿಕವು ರಾಷ್ಟ್ರವೆಂದು ಮಾನ್ಯ ಮಾಡದ, ತಾಲಿಬಾನ್ ಎಂದು ಕರೆಯಲ್ಪಡುವ ಇಸ್ಲಾಮಿಕ್ ಎಮಿರೇಟ್ ಆಫ್ ಅಫ್ಘಾನಿಸ್ತಾನ ಅಂತ ಪೂರ್ತಿ ಬರೆದಿದ್ದಾರೆ. ಮತ್ತೆ ಮತ್ತೆ. ಮಾನ್ಯ ಮಾಡಿಲ್ಲ ಅಂತ ಇಷ್ಟು ಸಲ ಹೇಳಿದರೆ ಮಾನ್ಯ ಮಾಡಿದಂತೆಯೇ. ಅಮೆರಿಕದ ಪರವಾಗಿ ಖಲೀಲ್ಜಾದ್ ಸಹಿ, ಆ ಕಡೆ ಬರಾದರ್ ಸಹಿ. ಈ ಬರಾದರ್ ಕರ್ಜೈ ಜತೆ ಮಾತಿಗೆ ಹೊರಟಿದ್ದ ಅಂತಲೇ 2010ರಲ್ಲಿ ಪಾಕಿಸ್ತಾನದವರು ಕರಾಚಿಯಲ್ಲಿ ಹಿಡಿದು ಎಂಟು ವರ್ಷ ಒಳಗಿಟ್ಟಿದ್ದರು ಎಂಬ ಮಾತಿದೆ. 5,000 ಕೈದಿಗಳನ್ನು ಬಿಡಬೇಕು ಅಂತ ಕರಾರಾಯಿತು. ಬಿಡಬೇಕಾದವರು ಕಾಬೂಲ್ ಸರ್ಕಾರದವರು. ಅವರನ್ನು ಸಹಿಗೆ ಕರೆದೇ ಇರಲಿಲ್ಲ. ಸೈಟಿನ ಮಾಲೀಕನನ್ನು ಗೇಟಿನಾಚೆ ನಿಲ್ಲಿಸಿ ನಡೆದ ರಿಜಿಸ್ಟ್ರೇಷನ್.

ಮೊನ್ನೆ ಅಂಜೂರ ತರಲು ಹೋಗಿದ್ದೆ. ದಾರಕ್ಕೆ ಪೋಣಿಸಿದ ಅಫ್ಘನ್ ಅಂಜೂರ, ಹೂವಿನ ದಂಡೆಯ ಹಾಗೆ ಅಂಗಡಿ ಮುಂದೆ ನೇತಾಡುತ್ತಿರುತ್ತಲ್ಲ, ಅದೇ. ರೇಟು ಕೇಳಿ ಅರ್ಧ ಕೆಜಿಯಿಂದ ಕಾಲು ಕೆಜಿಗೆ ಇಳಿದೆ. ದಾರಿ ಬಂದ್ ಸಾರ್, ಮಾಲು ಸುತ್ತಿಕೊಂಡು ಬರ್ತಿದೆ ಅಂದ ಅಂಗಡಿಯವ. ಆ ಕಡೆ ಎರಡು ದೇಶಗಳ ನಡುವಿನ ತೋರ್ಖಮ್ ಗೇಟು ಮುಚ್ಚಿದ ಮೇಲೆ ಪಾಕಿಸ್ತಾನದಲ್ಲಿ ಟೊಮೆಟೊ ಕೆಜಿಗೆ ಅವರ ದುಡ್ಡಿನಲ್ಲಿ 600 ರೂಪಾಯಿವರೆಗೆ ಹೋಗಿತ್ತು. ಮಾತುಕತೆ ಮುರಿದುಬಿದ್ದರೆ ಮಂತ್ರಿಗಳು ವಿಮಾನ ಹತ್ತುತ್ತಾರೆ, ಟೊಮೆಟೊ ಲಾರಿಗಳು ಗೇಟಿನ ಮುಂದೆ ಕೊಳೆಯುತ್ತವೆ.

ನಾವೇನು ಕಡಿಮೆ ಅಂತೀರಾ? ಪಾಕಿಸ್ತಾನಕ್ಕೂ ತಾಲಿಬಾನಿಗೂ ಬಿಗಡಾಯಿಸಿತು ಅಂದ ತಕ್ಷಣ ನಮಗೆ ಹಳೆಯ ನೆಂಟಸ್ತಿಕೆ ನೆನಪಾಯಿತು. 2025ರ ಅಕ್ಟೋಬರಿನಲ್ಲಿ ತಾಲಿಬಾನಿನ ವಿದೇಶಾಂಗ ಮಂತ್ರಿ ಮುತ್ತಕಿ ದೆಹಲಿಗೆ ಬಂದರು. ಕಾಬೂಲಿನ ನಮ್ಮ ಕಚೇರಿಗೆ ಮತ್ತೆ ರಾಯಭಾರ ಕಚೇರಿ ಅಂತ ಬಡ್ತಿ ಸಿಕ್ಕಿತು. 10ನೇ ತಾರೀಕು ಅಫ್ಘನ್ ರಾಯಭಾರ ಕಚೇರಿಯಲ್ಲಿ ಪತ್ರಿಕಾಗೋಷ್ಠಿ, ಒಬ್ಬಳೂ ಹೆಣ್ಣು ಪತ್ರಕರ್ತೆ ಒಳಗಿಲ್ಲ. ನಮ್ಮ ದೇಶದ ರಾಜಧಾನಿಯಲ್ಲಿ. ಅದರಲ್ಲಿ ನಮ್ಮ ಪಾತ್ರವಿಲ್ಲ ಅಂತ ನಮ್ಮ ಇಲಾಖೆ ಕೈತೊಳೆಯಿತು. ವಿಶ್ವಸಂಸ್ಥೆಯವರು 2024ರಲ್ಲೇ ಮೇಲ್ಪಂಕ್ತಿ ಹಾಕಿದ್ದರು: ಅಫ್ಘಾನಿಸ್ತಾನದ ಭವಿಷ್ಯದ ಬಗ್ಗೆ ದೋಹಾದಲ್ಲಿ ಮೂರನೇ ಸಭೆ, ತಾಲಿಬಾನ್ ಬರಲಿ ಅಂತ ಅಫ್ಘನ್ ಹೆಂಗಸರನ್ನು ಮೇಜಿನಿಂದ ಎಬ್ಬಿಸಿ ಆಮೇಲೆ ಬೇರೆಯಾಗಿ ಮಾತಾಡಿಸಿದರು.

ಗಲಾಟೆ ಜೋರಾದ ಮೇಲೆ, 12ನೇ ತಾರೀಕು ಮುತ್ತಕಿ ಎರಡನೇ ಪತ್ರಿಕಾಗೋಷ್ಠಿ ಕರೆದರು. ಈ ಸಲ ಹೆಣ್ಣುಮಕ್ಕಳು ಒಳಗಿದ್ದರು. ಆರನೇ ಕ್ಲಾಸಿನಿಂದಾಚೆ ಹೆಣ್ಣುಮಕ್ಕಳಿಗೆ ಮುಚ್ಚಿದ ಶಾಲೆ ಯಾವಾಗ ತೆರೀತೀರಿ ಅಂತ ಕೇಳಿದರು. ಹೆಣ್ಣುಮಕ್ಕಳ ಓದು ಹರಾಮ್ ಅಂತ ನಾವು ಹೇಳಿಲ್ಲ, ಮುಂದಿನ ಆದೇಶದವರೆಗೆ ಮುಂದೂಡಿದ್ದೇವೆ ಅಷ್ಟೇ ಅಂದರು. ಯಾವುದೋ ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿದ ಸುತ್ತೋಲೆಯ ಭಾಷೆ. ಆದೇಶ ಹೊರಡಿಸಬೇಕಾದವರು ಅವರೇ, ಕಾಯುತ್ತಿರುವವರೂ ಅವರೇ ಅನ್ನೋ ಹಾಗೆ. ಆ ಟೀ ಕುಡಿದ ವರ್ಷ ಆರನೇ ಕ್ಲಾಸು ಮುಗಿಸಿದ ಕಾಬೂಲಿನ ಹುಡುಗಿ ನಮ್ಮೂರಲ್ಲಿದ್ದಿದ್ದರೆ ಈ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಸಿರುತ್ತಿದ್ದಳು.