ಅಬ್ಬಲಿಗೆಯ ಕಡ್ಡಿ

ಒಣಗಿ ಕಂದಾದ ಅಬ್ಬಲಿಗೆಯ ತೆನೆಯೊಂದನ್ನು ನೀರು ತುಂಬಿದ ಬಟ್ಟಲಿಗೆ ಹಾಕಿ, ಸುತ್ತ ಕುಳಿತು ಅದು ಸಿಡಿಯುವುದನ್ನೇ ಕಾಯುವುದು ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಬೇಸಿಗೆ ರಜೆಯ ಒಂದು ಆಟವಾಗಿತ್ತು. ಮೊದಲು ಏನೂ ಆಗುವುದಿಲ್ಲ. ತೆನೆ ನೀರಿನ ಮೇಲೆ ಸುಮ್ಮನೆ ತೇಲುತ್ತಿರುತ್ತದೆ. ಇದರಲ್ಲೇನೂ ಇಲ್ಲವೆಂದು ಮಕ್ಕಳಲ್ಲಿ ಒಬ್ಬಿಬ್ಬರು ಎದ್ದು ಹೋಗುವ ಹೊತ್ತಿಗೆ ಸರಿಯಾಗಿ ‘ಚಟ್’ ಎಂದು ಒಂದು ಕಾಯಿ ಎರಡು ಹೋಳಾಗಿ ಬಿರಿದು, ಅದರ ಬೀಜ ಹಾರಿ ಯಾರದೋ ಮೂಗಿಗೆ ಬಡಿಯುತ್ತಿತ್ತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಒಂದೊಂದು ಕಾಯಿಯೊಳಗೆ ನಾಲ್ಕು ಬೀಜಗಳಿದ್ದು, ಪ್ರತಿಯೊಂದು ಬೀಜದ ಬುಡಕ್ಕೂ ಒಂದು ಗಟ್ಟಿಯಾದ ಪುಟ್ಟ ಕೊಕ್ಕೆ ಇರುತ್ತದೆಂದೂ, ಕಾಯಿ ಬಿರಿಯುವಾಗ ಆ ಕೊಕ್ಕೆಯೇ ಬೀಜವನ್ನು ಕವಣೆಯಂತೆ ಎಸೆಯುತ್ತದೆಂದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನೀರು ತಾಗಿದ ಮೇಲೆಯೇ ಅದು ಸಿಡಿಯುವುದಕ್ಕೂ ಕಾರಣವಿದೆ. ಬೇಸಿಗೆಯ ಕಾದ ನೆಲಕ್ಕೆ ಬೀಜ ಚೆಲ್ಲಿ ಪ್ರಯೋಜನವಿಲ್ಲವಾದ್ದರಿಂದ, ಗಿಡ ತನ್ನ ಕಾಯಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಮಳೆಯ ಹನಿಯನ್ನು ಕಾಯುತ್ತದೆ. ಮೃಗಶಿರಾ ಮಳೆ ಬಿದ್ದು ಹದಿನೈದು ಇಪ್ಪತ್ತು ದಿನಗಳೊಳಗೆ ನಮ್ಮ ಅಂಗಳದ ಅಂಚಿನಲ್ಲಿ, ತುಳಸಿಕಟ್ಟೆಯ ಬಿರುಕಿನಲ್ಲಿ, ಬಚ್ಚಲ ನೀರು ಹರಿಯುವ ಗಟಾರದ ಪಕ್ಕದಲ್ಲಿ ಅಬ್ಬಲಿಗೆಯ ಸಸಿಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ನಮ್ಮ ಮನೆಯಲ್ಲಿ ಅಬ್ಬಲಿಗೆಯನ್ನು ಯಾರೂ ನೆಟ್ಟದ್ದೇ ಇಲ್ಲ. ಬೇಡವಾದ ಕಡೆ ಬಂದದ್ದನ್ನು ಕಿತ್ತು ಬೇಕಾದ ಕಡೆ ಇಟ್ಟದ್ದಷ್ಟೇ.

ಘಟ್ಟದ ಮೇಲೂ ಕೆಳಗೂ ಅಬ್ಬಲಿಗೆಯೆಂದು ಕರೆಯುವ ಈ ಹೂವಿಗೆ ಬಯಲುಸೀಮೆಯವರು ಕನಕಾಂಬರವೆಂದು ಚಿನ್ನದ ಬಟ್ಟೆಯನ್ನೇ ಉಡಿಸಿದ್ದಾರೆ. ಕಾರವಾರದ ಕೊಂಕಣಿಯಲ್ಲಿ ಇದು ಅಬೋಲಿ. ಆ ಮಾತಿಗೆ ಬಾಯಿ ಬಿಡದವಳು, ಮಾತನಾಡದವಳು ಎಂಬ ಅರ್ಥವೂ ಹೊರಡುತ್ತದೆ. ಪರಿಮಳವೆಂಬುದು ಲವಲೇಶವೂ ಇಲ್ಲದ, ಇರುವಲ್ಲಿ ತಣ್ಣಗೆ ಇರುವ ಹೂವಿಗೆ ಈ ಹೆಸರು ಒಪ್ಪುತ್ತದೆ ಎಂದು ಮೊದಲಿಗೆ ಅನ್ನಿಸಿದರೂ, ಆ ಕಾಯಿಯ ಸದ್ದನ್ನು ಕೇಳಿದವರು ಹಾಗೆ ಹೇಳಲಾರರು. ಹೂವಿನ ರೂಪವೂ ವಿಚಿತ್ರವೇ. ನಾಲ್ಕು ಮೂಲೆಯ ಹಸಿರು ತೆನೆಯ ಬುಡದಿಂದ ತೊಡಗಿ ತುದಿಯವರೆಗೆ ಎರಡೆರಡಾಗಿ ಅರಳುತ್ತ ಹೋಗುವ ಇದರ ಎಸಳು ಸುತ್ತಲೂ ಹರಡದೆ ಒಂದೇ ಪಕ್ಕಕ್ಕೆ ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತದೆ. ದಂಡೆ ಕಟ್ಟುವವರಿಗೆ ಇದಕ್ಕಿಂತ ಅನುಕೂಲವಾದ ಹೂವು ಇನ್ನೊಂದಿಲ್ಲ. ನೀಳವಾದ ತೊಟ್ಟು ಬಾಳೆನಾರಿನೊಳಗೆ ಸರಾಗವಾಗಿ ಕುಳಿತುಕೊಳ್ಳುತ್ತದೆ. ಮಲ್ಲಿಗೆ ಸಂಜೆಗೆ ಕಂದಿ ಹೋದರೆ ಅಬ್ಬಲಿಗೆ ಮರುದಿನವೂ ಮುಡಿಯುವಂತಿರುತ್ತದೆ. ಅಂಕೋಲೆಯ ಕಡೆಯ ಹಾಲಕ್ಕಿ ಹೆಂಗಸರ ತುರುಬಿನಲ್ಲಿ ಇದನ್ನು ಕಂಡವರಿಗೆ ಪರಿಮಳವಿಲ್ಲವೆಂಬುದು ಒಂದು ಕೊರತೆಯಾಗಿ ತೋರುವುದೇ ಇಲ್ಲ. ನಮ್ಮ ಅಂಗಳಗಳಲ್ಲಿ ಮೆರೆಯುವ ಡೇರೆ ಹೂವು ಮೆಕ್ಸಿಕೋದಿಂದ ಬಂದದ್ದು, ಕಾಗದದ ಹೂವು ದಕ್ಷಿಣ ಅಮೆರಿಕದಿಂದ ಬಂದದ್ದು. ಅಬ್ಬಲಿಗೆಯಾದರೋ ದಕ್ಷಿಣ ಭಾರತ ಮತ್ತು ಶ್ರೀಲಂಕೆಯ ನೆಲದ್ದೇ ಗಿಡ. ಆಡುಸೋಗೆಗೂ ಗೋರಟೆಗೂ ಹತ್ತಿರದ ಸಂಬಂಧಿ.

ಮದುವೆಯಾಗಿ ಕಾರವಾರದ ಕೋಡಿಬಾಗಕ್ಕೆ ಬಂದಾಗ ಈ ಗಿಡವನ್ನು ಕುರಿತು ನನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದೇ ನಾನು ಭಾವಿಸಿದ್ದೆ. ಪಕ್ಕದ ಮನೆಯಲ್ಲಿ ನಿವೃತ್ತರಾದ ಅಕ್ಕೋರೊಬ್ಬರು, ಎಂದರೆ ಶಾಲೆಯ ಶಿಕ್ಷಕಿಯೊಬ್ಬರು, ಇದ್ದರು. ಅವರ ಕಂಪೌಂಡಿನ ಉದ್ದಕ್ಕೂ ಮೊಣಕಾಲಿಗಿಂತ ತುಸು ಎತ್ತರದ, ಎಲೆಗಳು ಎಣ್ಣೆ ಹಚ್ಚಿದಂತೆ ಮಿನುಗುವ, ನಮ್ಮ ಊರಿನದಕ್ಕಿಂತ ದೊಡ್ಡ ಹೂವು ಬಿಡುವ ಅಬ್ಬಲಿಗೆಯ ಸಾಲಿತ್ತು. ಅದಕ್ಕೆ ಡೆಲ್ಲಿ ಅಬ್ಬಲಿಗೆಯೆಂದು ಹೆಸರು. ಒಂದು ದಿನ ಧೈರ್ಯ ಮಾಡಿ, “ಅಕ್ಕೋರೇ, ಬೀಜವಾದಾಗ ನನಗೆ ನಾಲ್ಕು ಕೊಡುತ್ತೀರಾ?” ಎಂದು ಕೇಳಿದೆ.

“ಇದರಲ್ಲಿ ಬೀಜ ಆಗೂದಿಲ್ಲ ತಂಗೀ. ಕಡ್ಡಿ ಬೇಕಾದರೆ ಒಯ್ಯಿ,” ಎಂದರು.

ನಾನು ನಂಬಲಿಲ್ಲ. ತೆನೆಗಟ್ಟಲೆ ಹೂವು ಬಿಡುವ ಗಿಡದಲ್ಲಿ ಬೀಜವಾಗುವುದಿಲ್ಲವೆಂದರೆ ಏನರ್ಥ? ಬೀಜ ಕೊಡಲು ಮನಸ್ಸಿಲ್ಲದವರು ಹೇಳುವ ಮಾತಿದು ಎಂದುಕೊಂಡು ಕಡ್ಡಿಯನ್ನೂ ಒಯ್ಯದೆ ಬಂದೆ. ಬಂದದ್ದಷ್ಟೇ ಅಲ್ಲ, ಅವರ ಗಿಡಗಳಲ್ಲಿ ಒಂದೆರಡು ನಮ್ಮ ಕಂಪೌಂಡಿನ ಮೇಲೆ ಬಾಗಿದ್ದುದರಿಂದ, ಅವುಗಳ ಒಣಗಿದ ತೆನೆಗಳನ್ನು ಯಾರೂ ಇಲ್ಲದ ಹೊತ್ತಿನಲ್ಲಿ ಮುರಿದು ತಂದು ಬಟ್ಟಲ ನೀರಿಗೆ ಹಾಕಿದೆ. ಇಡೀ ಮಧ್ಯಾಹ್ನ ಕಾದರೂ ಒಂದೂ ಸಿಡಿಯಲಿಲ್ಲ. ಬಲಿತಿಲ್ಲವೆಂದು ಸಮಾಧಾನ ಮಾಡಿಕೊಂಡು ಮತ್ತೊಂದು ವರ್ಷವೂ ಈ ಕೆಲಸ ಮಾಡಿದೆ ಎಂಬುದನ್ನು ಈಗ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಕದ್ದು ತಂದ ಗಿಡ ಚೆನ್ನಾಗಿ ಬದುಕುತ್ತದೆ ಎಂಬ ಮಾತುಂಟು. ಕದ್ದು ತಂದ ತೆನೆಯ ಬಗ್ಗೆ ಯಾರೂ ಏನೂ ಹೇಳಿಲ್ಲ.

ಅಕ್ಕೋರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಡೆಲ್ಲಿ ಅಬ್ಬಲಿಗೆಯ ಜೀವಕೋಶದಲ್ಲಿ ವರ್ಣತಂತುಗಳ ಜೋಡಿಗಳಿಲ್ಲ, ಮೂರು ಮೂರರ ಗುಂಪುಗಳಿವೆ. ಬೀಜ ಕಟ್ಟಬೇಕಾದರೆ ಅವು ಸಮನಾಗಿ ಎರಡು ಪಾಲಾಗಬೇಕು. ಮೂರನ್ನು ಸಮನಾಗಿ ಎರಡು ಪಾಲು ಮಾಡುವುದು ಹೇಗೆ? ಲೆಕ್ಕ ತಪ್ಪುತ್ತದೆ, ಬೀಜ ನಿಲ್ಲುವುದಿಲ್ಲ. ನಾವು ತಿನ್ನುವ ಬಹುಪಾಲು ಬಾಳೆಯ ಕಥೆಯೂ ಇದೇ. ಬಾಳೆಹಣ್ಣಿನಲ್ಲಿ ಬೀಜವಿಲ್ಲವೆಂದು ಯಾರೂ ನೆರೆಯವರನ್ನು ಸಂಶಯಿಸದೆ ಹಿಳ್ಳು ಕಿತ್ತು ತಂದು ನೆಡುತ್ತೇವೆ. ಅಡಿಕೆ ತೋಟದ ನಡುವೆ ಬಾಳೆಯನ್ನು ನೋಡುತ್ತಲೇ ಬೆಳೆದ ನನಗೆ ಅದು ಹೊಳೆಯದೆ ಹೋದದ್ದೇ ವಿಚಿತ್ರ. ಬಾಳೆಯಾದರೂ ತನ್ನ ಬುಡದಲ್ಲೇ ಹಿಳ್ಳೊಡೆದು ಒಂದೆರಡು ಮಾರು ನಡೆಯಬಲ್ಲದು. ಈ ಅಬ್ಬಲಿಗೆಗೆ ಆ ಉಪಾಯವೂ ಇಲ್ಲ. ನಮ್ಮೂರಿನ ಅಬ್ಬಲಿಗೆ ಯಾರ ಹಂಗೂ ಇಲ್ಲದೆ ಸಿಡಿದು ಹಾರಿ ಊರು ತುಂಬುತ್ತದೆ. ಇದು ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ದಾಟಬೇಕಾದರೆ ಯಾರೋ ಒಬ್ಬರು ಬೇಲಿಯ ಬಳಿ ನಿಂತು ಬಾಯಿಬಿಟ್ಟು ಕೇಳಬೇಕು, ಇನ್ನೊಬ್ಬರು ಮುರಿದು ಕೊಡಬೇಕು. ಹಾಗೆ ಕೇಳುವವರೂ ಕೊಡುವವರೂ ಸಾಲಾಗಿ ಇದ್ದುದರಿಂದಲೇ ಇದು ಕೋಡಿಬಾಗದವರೆಗೆ ಬಂದಿದೆ. ಅಬೋಲಿಯೆಂಬ ಹೆಸರಿನ ಗಿಡವೊಂದು ಹೀಗೆ ಜನರ ಬಾಯಿಮಾತಿನ ಮೇಲೆಯೇ ಬದುಕಿರುವುದು ನನಗೆ ತಮಾಷೆಯಾಗಿ ಕಾಣುತ್ತದೆ.

ವಿಷಯ ತಿಳಿದ ಮೇಲೆ ಮತ್ತೆ ಅಕ್ಕೋರ ಬಾಗಿಲಿಗೆ ಹೋದೆ. ಅವರು ಏನನ್ನೂ ಕೇಳದೆ ಆರು ಕಡ್ಡಿ ಕೊಟ್ಟರು. ಆಗ ಪುಷ್ಯ ಮಳೆಯ ಕಾಲ, ಜುಲೈ ತಿಂಗಳ ಕೊನೆ. ಮಳೆಗಾಲದಲ್ಲಿ ಏನನ್ನು ಊರಿದರೂ ಬದುಕುತ್ತದೆ ಎಂಬ ಘಟ್ಟದ ಮೇಲಿನ ಧೈರ್ಯದಲ್ಲಿ ಅವುಗಳನ್ನು ನೇರವಾಗಿ ಅಂಗಳದ ಮಣ್ಣಿಗೆ ಚುಚ್ಚಿದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ, ಅದರ ಬಹುಪಾಲು ಸುರಿಯುವ ದಿನಗಳಲ್ಲೇ, ಇನ್ನೂ ಬೇರಿಲ್ಲದ ಹಸಿ ಕಡ್ಡಿಯನ್ನು ನೆಲಕ್ಕೆ ಊರಿದರೆ ಅದರ ಪಾಡು ಏನಾಗುತ್ತದೆಂದು ಯೋಚಿಸಲಿಲ್ಲ. ಹತ್ತು ದಿನಗಳವರೆಗೆ ಎಲೆಗಳು ಹಸಿರಾಗಿಯೇ ಇದ್ದು ನನ್ನನ್ನು ನಂಬಿಸಿದವು. ಹನ್ನೊಂದನೆಯ ದಿನ ಎಳೆದು ನೋಡಿದರೆ ಬುಡ ಕಪ್ಪಾಗಿ ಕೊಳೆತು ಕೈಗೆ ಲೋಳೆ ಅಂಟಿತು.

ಅಕ್ಕೋರು ನಕ್ಕರು, ಆದರೆ ಪಾಠ ಮಾಡುವುದನ್ನು ಬಿಡಲಿಲ್ಲ. ನವರಾತ್ರಿ ಮುಗಿದು ಚಿತ್ತಾ ಮಳೆಯ ಬಿಡಿಹನಿಗಳು ಉಳಿದಿದ್ದ ಅಕ್ಟೋಬರಿನಲ್ಲಿ ಅವರೇ ನಮ್ಮ ಜಗುಲಿಗೆ ಬಂದು ಕುಳಿತು ತೋರಿಸಿಕೊಟ್ಟರು. ತೀರಾ ಎಳೆಯ ಕುಡಿ ಬಾಡುತ್ತದೆ, ಬುಡದ ಕಟ್ಟಿಗೆ ಬೇರೊಡೆಯಲು ಸೋಮಾರಿತನ ಮಾಡುತ್ತದೆ. ಆದ್ದರಿಂದ ಹಸಿರು ಕಂದಿಗೆ ತಿರುಗತೊಡಗಿದ ನಡುವಯಸ್ಸಿನ ಟೊಂಗೆಯನ್ನೇ ಆರಿಸಬೇಕು. ಗೇಣಿಗಿಂತ ಕಡಿಮೆ ಉದ್ದ, ಮೂರು ನಾಲ್ಕು ಗೆಣ್ಣುಗಳಿದ್ದರೆ ಸಾಕು. ಕೆಳಗಿನ ಗೆಣ್ಣಿನ ಕೆಳಗೆ ಹರಿತವಾದ ಬ್ಲೇಡಿನಿಂದ ಓರೆಯಾಗಿ ಕೊಯ್ಯಬೇಕು, ಕತ್ತರಿಯಿಂದ ಜಜ್ಜಬಾರದು. ತುದಿಯಲ್ಲಿ ಹೂವಿನ ತೆನೆ ಇದ್ದರೆ ಕರುಣೆಯಿಲ್ಲದೆ ಚಿವುಟಬೇಕು. ಇದು ನನಗೆ ಬಹಳ ಕಷ್ಟವಾಯಿತು. ಹೂವಿಗಾಗಿ ತಂದ ಗಿಡದ ಹೂವನ್ನೇ ಮೊದಲು ತೆಗೆಯಬೇಕೆಂದರೆ ಯಾರ ಕೈ ತಡೆಯುವುದಿಲ್ಲ? ಆದರೆ ಕಡ್ಡಿಯಲ್ಲಿ ಉಳಿದಿರುವ ಅಲ್ಪಸ್ವಲ್ಪ ಸತ್ವವನ್ನು ಹೂವು ತಿಂದರೆ ಬೇರಿಗೆ ಏನೂ ಉಳಿಯುವುದಿಲ್ಲ. ಕೆಳಗಿನ ಎಲೆಗಳನ್ನು ಸವರಿ, ಮೇಲಿನ ಎಲೆಗಳನ್ನೂ ಅರ್ಧಕ್ಕೆ ಕತ್ತರಿಸಿದ್ದು ಇದೇ ಕಾರಣಕ್ಕೆ. ನೀರನ್ನು ಹೀರುವ ಬಾಯಿ ಇನ್ನೂ ಹುಟ್ಟಿಲ್ಲ, ಹೊರಗೆ ಬಿಡುವ ಎಲೆಗಳು ಮಾತ್ರ ಪೂರ್ತಿಯಾಗಿವೆ ಎಂದಾದರೆ ಆ ಸಂಸಾರ ನಡೆಯುವುದಿಲ್ಲ.

ಹಾಲಿನ ಖಾಲಿ ಕೊಟ್ಟೆಗಳ ತಳಕ್ಕೆ ತೂತು ಮಾಡಿ, ಹೊಳೆಯ ಮರಳು, ಕೆಂಪುಮಣ್ಣು, ನನ್ನ ತವರಿನಿಂದ ಬಂದಿದ್ದ ಹಳೆಯ ಕೊಟ್ಟಿಗೆ ಗೊಬ್ಬರ ಮೂರನ್ನೂ ಬೆರೆಸಿ ತುಂಬಿದೆವು. ಕೋಡಿಬಾಗದಲ್ಲಿ ಮರಳಿಗೆ ಬರವಿಲ್ಲ, ಆದರೆ ಸಮುದ್ರದ ದಂಡೆಯ ಮರಳು ಬೇಡವೆಂದು ಅಕ್ಕೋರು ಕಟ್ಟುನಿಟ್ಟಾಗಿ ಹೇಳಿದರು. ಅದರ ಉಪ್ಪು ಹೋಗಬೇಕಾದರೆ ಮಳೆಗಾಲವೊಂದು ಅದರ ಮೇಲೆ ಸುರಿದು ಹೋಗಬೇಕಂತೆ. ಕಡ್ಡಿಯ ಎರಡು ಗೆಣ್ಣು ಮಣ್ಣಿನೊಳಗೆ, ಉಳಿದದ್ದು ಮೇಲೆ. ಅದರ ಮೇಲೆ ಬುಡ ಕತ್ತರಿಸಿದ ನೀರಿನ ಬಾಟಲಿಯನ್ನು ಮುಚ್ಚಿ, ಬಿಸಿಲು ನೇರವಾಗಿ ಬೀಳದ ಜಗುಲಿಯ ಮೂಲೆಯಲ್ಲಿ ಇಟ್ಟದ್ದಾಯಿತು. ಬಾಟಲಿಯ ಒಳಮೈಯಲ್ಲಿ ಬೆಳಗಿನ ಹೊತ್ತು ಬೆವರು ಕಟ್ಟಿದ್ದರೆ ನೀರು ಬೇಡ, ಒಣಗಿದ್ದರೆ ಒಂದು ಚಮಚ. ಇಷ್ಟೇ ವಿದ್ಯೆ. ಇದರಲ್ಲಿ ಅತ್ಯಂತ ಕಷ್ಟದ ಭಾಗವೆಂದರೆ ಏನನ್ನೂ ಮಾಡದೆ ಇರುವುದು. ಬೇರು ಬಂದಿದೆಯೇ ಎಂದು ಎಳೆದು ನೋಡುವ ಕೈಗಳನ್ನು ಕಟ್ಟಿಹಾಕುವ ಉಪಾಯವನ್ನು ಯಾವ ತೋಟಗಾರಿಕೆಯ ಪುಸ್ತಕವೂ ಹೇಳುವುದಿಲ್ಲ. ನಾಲ್ಕನೆಯ ವಾರದಲ್ಲಿ ಎರಡು ಎಲೆಗಳ ಸಂದಿನಿಂದ ಸಾಸಿವೆಯಷ್ಟು ಹೊಸ ಹಸಿರು ಕಾಣಿಸಿತು. ಎಂಟು ಕಡ್ಡಿಗಳಲ್ಲಿ ಆರು ಬದುಕಿದ್ದವು.

ಬೀಜದ ವಿದ್ಯೆ ಬೇರೆ, ಕಡ್ಡಿಯ ವಿದ್ಯೆ ಬೇರೆ. ನಮ್ಮ ಜಿಲ್ಲೆಯಲ್ಲಿ ಬೀಜದ ವಿದ್ಯೆಗೆ ದೊಡ್ಡ ಹೆಸರೆಂದರೆ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರದು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು, ಕಾಡಿನ ತಾಯಿಮರಗಳನ್ನು ಗುರುತಿಸಿ, ಬೀಜ ಬಲಿಯುವ ಹೊತ್ತನ್ನು ತಿಳಿದು ಆರಿಸುತ್ತಿದ್ದ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಬೀಜದಿಂದ ಹುಟ್ಟಿದ ಗಿಡ ತಾಯಿಯನ್ನು ಹೋಲಬಹುದು, ಹೋಲದೆಯೂ ಇರಬಹುದು. ಒಂದೊಂದು ಬೀಜವೂ ಹೊಸ ಜೀವ. ಕಡ್ಡಿಯಿಂದ ಬಂದದ್ದು ಹಾಗಲ್ಲ. ಅದು ಮಗಳೂ ಅಲ್ಲ, ಅದೇ ಗಿಡ, ಬೇರೆ ಅಂಗಳದಲ್ಲಿ ನಿಂತಿದೆ ಅಷ್ಟೆ.

ಹಾಗೆ ಒಂದೇ ಗಿಡವಾಗಿರುವುದರಿಂದ ತೊಂದರೆಯೂ ಒಂದೇ. ಅಬ್ಬಲಿಗೆಯ ಬೇರಿಗೆ ಕಣ್ಣಿಗೆ ಕಾಣದ ಜಂತುಹುಳಗಳ ಕಾಟವಿದೆ. ಅವು ಬೇರಿನಲ್ಲಿ ಗಂಟು ಕಟ್ಟಿಸುತ್ತವೆ. ಅದಕ್ಕೆ ಜತೆಯಾಗಿ ಸೊರಗು ರೋಗದ ಶಿಲೀಂಧ್ರವೂ ಸೇರಿಕೊಂಡರೆ ನಿನ್ನೆ ನಗುತ್ತಿದ್ದ ಗಿಡ ಇಂದು ತಲೆ ಬಾಗಿಸುತ್ತದೆ. ನೀರು ನಿಲ್ಲುವ ಜಾಗದಲ್ಲಂತೂ ಇದು ಖಂಡಿತ. ನಾನು ನನ್ನ ಸಾಲನ್ನು ಚಿರೆಕಲ್ಲಿನ ಕಟ್ಟೆ ಕಟ್ಟಿ ಎತ್ತರಿಸಿದೆ, ಬೇವಿನ ಹಿಂಡಿ ಹಾಕಿದೆ, ನಡುನಡುವೆ ಗೊಂಡೆ ಹೂವಿನ ಗಿಡಗಳನ್ನು ಇಟ್ಟೆ. ಗೊಂಡೆಯ ಬೇರಿನಿಂದ ಒಸರುವ ರಸ ಆ ಜಂತುಗಳಿಗೆ ಆಗುವುದಿಲ್ಲ. ಅಬ್ಬಲಿಗೆಯ ಕೇಸರಿಯ ಪಕ್ಕದಲ್ಲಿ ಗೊಂಡೆಯ ಕೇಸರಿ ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣುವುದಿಲ್ಲವೆಂಬುದು ನಿಜ, ಆದರೆ ಕಾವಲುಗಾರನ ಅಂಗಿಯ ಬಣ್ಣವನ್ನು ಯಾರು ನೋಡುತ್ತಾರೆ?

ಅಕ್ಕೋರಿಗೆ ಗೊಂಡೆ ಇಷ್ಟವಿರಲಿಲ್ಲ. ಕಳೆದ ಮಳೆಗಾಲದಲ್ಲಿ ಅವರ ಕಂಪೌಂಡಿನ ಬದಿಯಲ್ಲಿ ವಾರಗಟ್ಟಲೆ ನೀರು ನಿಂತಿತು, ಆಗಸ್ಟ್ ಮುಗಿಯುವುದರೊಳಗೆ ಇಡೀ ಸಾಲು ಒಂದೊಂದಾಗಿ ಸೊರಗಿ ಹೋಯಿತು. ನಾನು ನೋಡುತ್ತಿದ್ದೆ, ಹೋಗಿ ಏನು ಹೇಳಬೇಕೆಂದು ತಿಳಿಯಲಿಲ್ಲ. ಅಕ್ಟೋಬರಿನ ಒಂದು ಬೆಳಿಗ್ಗೆ ಅವರು ಕೈಯಲ್ಲಿ ಬ್ಲೇಡು ಹಿಡಿದುಕೊಂಡು ನಮ್ಮ ಗೇಟಿನ ಮುಂದೆ ನಿಂತಿದ್ದರು.

“ತಂಗೀ, ಅಬ್ಬಲಿಗೆದು ನಾಲ್ಕು ಕಡ್ಡಿ ಬೇಕಾಗಿತ್ತು,” ಎಂದರು.

“ನಿಮ್ಮ ಗಿಡವೇ ಅಲ್ಲವೇ ಅಕ್ಕೋರೇ, ಕೇಳುವುದೇನು?” ಎಂದು ನಾನು ಗೇಟು ತೆರೆದೆ. ಅವರು ಸಾಲಿನ ಉದ್ದಕ್ಕೂ ನಿಧಾನವಾಗಿ ನಡೆದು, ಒಂದೊಂದು ಟೊಂಗೆಯನ್ನೂ ಬಾಗಿಸಿ ನೋಡಿ, ಒಂದನ್ನೂ ಕೊಯ್ಯದೆ ಮತ್ತೆ ಮೊದಲ ಗಿಡದ ಬಳಿಗೆ ಬಂದು ನಿಂತರು.

“ಎಷ್ಟು ದಿವಸ ಆಯ್ತು ಇದಕ್ಕೆ ಕತ್ತರಿ ತಾಗಿಸದೆ? ಒಣ ತೆನೆ ಎಲ್ಲಾ ಹಾಗೇ ಇಟ್ಟೀಯಲ್ಲ, ಬೀಜ ಆಗ್ತದೆ ಅಂತ ಕಾಯ್ತಾ ಇದ್ದೀಯಾ ಇನ್ನೂ?”

ನಾನು ಉತ್ತರ ಕೊಡದೆ ಹಾಲಿನ ಕೊಟ್ಟೆಗಳನ್ನು ತರಲು ಒಳಗೆ ಹೋದೆ.