ಯಂತ್ರ ಕೊಳ್ಳಿ, ಸಿರಪ್ ಬೇಡ

ಬೇಸಿಗೆ ಕಾಲಿಟ್ಟರೆ ಕೋಲಾರದ ಬೀದಿಗಳಲ್ಲಿ ಗೋಲಿ ಸೋಡಾದ ಗಾಡಿಗಳು ಹೆಚ್ಚುತ್ತವೆ. ಈಚೆಗೆ ಪರಿಚಿತರ ಅಡುಗೆಮನೆಗಳಲ್ಲಿ ಸೋಡಾ ಮಾಡುವ ಯಂತ್ರಗಳೂ ಕಾಣಿಸತೊಡಗಿವೆ. ಅದನ್ನು ಕೊಳ್ಳಬಹುದೇ ಎಂದು ಕೇಳಿದವರಿಗೆಲ್ಲ ನಾನು ಕೊಳ್ಳಿ ಎಂದೇ ಹೇಳಿದ್ದೇನೆ, ಆದರೆ ಅದರ ಜೊತೆಗೆ ಮಾರುವ ಬಣ್ಣಬಣ್ಣದ ಸಿರಪ್ ಬಾಟಲಿಗಳನ್ನು ಮಾತ್ರ ತರಬೇಡಿ ಎಂದೂ ಸೇರಿಸಿದ್ದೇನೆ. ಅಂಗಡಿಯ ತಂಪು ಪಾನೀಯದ ಮೇಲೆ ನಮಗಿರಬೇಕಾದ ತಕರಾರು ಅದರ ಸಕ್ಕರೆಯದು. ಕೋಲಾ ಬಾಟಲಿಯ ಮೇಲೆಯೇ 100 ಮಿಲಿಲೀಟರಿಗೆ ಹತ್ತೂವರೆ ಗ್ರಾಂ ಆಸುಪಾಸು ಸಕ್ಕರೆ ಎಂದು ಅಚ್ಚಾಗಿರುತ್ತದೆ. 300 ಮಿಲಿಲೀಟರ್ ಕುಡಿದವರ ಹೊಟ್ಟೆಗೆ ಆರು ಚಮಚಕ್ಕೂ ಹೆಚ್ಚು ಸಕ್ಕರೆ ಸೇರಿರುತ್ತದೆ. ದೊಡ್ಡವರು ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಸಾರ. ಸಿರಪ್ ಕೊಂಡು ತಂದು ಮನೆಯಲ್ಲಿ ಬೆರೆಸಿದರೆ ಅದೇ ಸಕ್ಕರೆಯನ್ನು ಹೆಚ್ಚು ಶ್ರಮಪಟ್ಟು ಕುಡಿದಂತಾಗುತ್ತದೆ.

ನೀರಿಗೆ ಗ್ಯಾಸ್, ಅಂದರೆ ಕಾರ್ಬನ್ ಡೈಆಕ್ಸೈಡ್ ಅನಿಲ, ಸೇರಿಸುವುದು ಹೊಸ ವಿದ್ಯೆಯೇನಲ್ಲ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಬಿಯರ್ ಹುದುಗುವ ತೊಟ್ಟಿಯ ಮೇಲ್ಗಡೆ ನೀರನ್ನಿಟ್ಟು ಅದಕ್ಕೆ ಅನಿಲ ಹಿಡಿಸಿದ್ದ. ನಮ್ಮ ಗೋಲಿ ಸೋಡಾದ ಬಾಟಲಿಗೆ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಪೇಟೆಂಟ್ ಪಡೆದದ್ದು 1872ರಲ್ಲಿ. ಒಳಗಿನ ಅನಿಲವೇ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುವುದರಿಂದ ಅದಕ್ಕೆ ಬೇರೆ ಮುಚ್ಚಳವೇ ಬೇಡ. ಇಷ್ಟು ಜಾಣ ಬಾಟಲಿಯನ್ನು ನಾನಂತೂ ಬೇರೆ ನೋಡಿಲ್ಲ.

ಆದರೆ ನಮ್ಮ ಕಡೆಯವರು ಯಂತ್ರಕ್ಕಿಂತ ಮೊದಲು ನೀರಿನ ವಿಚಾರ ಮಾಡಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಎಷ್ಟೋ ಊರುಗಳ ಕೊಳವೆಬಾವಿ ನೀರಿನಲ್ಲಿ, ಹೆಚ್ಚಾದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಇದೆ, ಗಡಸುತನವೂ ಇದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಗ್ಯಾಸ್ ತುಂಬಿದ ಮಾತ್ರಕ್ಕೆ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರಂತೂ ನೀರು ಆವಿಯಾಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಆದ್ದರಿಂದ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೋ ಮನೆಯ ಆರ್‌ಒ ನೀರನ್ನೋ ಬಳಸುವುದು ಸರಿ. ಇದರಲ್ಲಿ ರುಚಿಯ ಲೆಕ್ಕವೂ ಇದೆ. ಕೊಳವೆಬಾವಿ ನೀರಿನಲ್ಲಿ ಕರಗಿರುವ ಬೈಕಾರ್ಬನೇಟ್ ನಿಂಬೆಯ ಹುಳಿಯನ್ನು ತಿಂದುಹಾಕುತ್ತದೆ. ಕ್ಷಾರತೆ (ಹುಳಿಯನ್ನು ತಿಂದುಹಾಕುವ ಈ ಶಕ್ತಿಯ ಅಳತೆ) ಲೀಟರಿಗೆ 300 ಮಿಲಿಗ್ರಾಂ ಇರುವ ಒಂದು ಲೀಟರ್ ನೀರು ಸುಮಾರು 0.4 ಗ್ರಾಂ ಸಿಟ್ರಿಕ್ ಆಮ್ಲವನ್ನು, ಅಂದರೆ ಒಂದು ಚಮಚಕ್ಕೂ ಮಿಗಿಲಾದ ನಿಂಬೆರಸದ ಹುಳಿಯನ್ನು, ನಾಲಿಗೆಗೆ ತಲುಪುವ ಮೊದಲೇ ಮುಗಿಸಿಬಿಡುತ್ತದೆ. ಅಂಥ ನೀರಿನಲ್ಲಿ ಮಾಡಿದ ನಿಂಬೆ ಸೋಡಾ ಸಪ್ಪೆ ಎನಿಸಿದರೆ ನಿಂಬೆಹಣ್ಣು ಮಾರಿದವರನ್ನು ಬೈಯಬೇಕಾಗಿಲ್ಲ.

ನೀರು ತಣ್ಣಗಿರಬೇಕು ಎಂಬುದನ್ನು ಬಹಳ ಮಂದಿ ಕುಡಿಯುವ ಹಿತಕ್ಕಾಗಿ ಎಂದು ಭಾವಿಸಿದ್ದಾರೆ. ಅದು ಅನಿಲದ ಸ್ವಭಾವಕ್ಕೆ ಸಂಬಂಧಿಸಿದ್ದು. ಒತ್ತಡ ಹೆಚ್ಚಿದಷ್ಟೂ ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಹೆಚ್ಚು ಕರಗುತ್ತದೆ, ಶಾಖ ಏರಿದಷ್ಟೂ ಕಡಿಮೆ ಕರಗುತ್ತದೆ. ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಅನಿಲಕ್ಕೊಡ್ಡಿದರೆ 0 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 3.3 ಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ, 25 ಡಿಗ್ರಿಯ ನೀರು ಅದರ ಅರ್ಧವನ್ನೂ ಹಿಡಿಯುವುದಿಲ್ಲ. ಏಪ್ರಿಲ್ ಮಧ್ಯಾಹ್ನದ ಬೆಚ್ಚಗಿನ ನೀರನ್ನು ಬಾಟಲಿಗೆ ತುಂಬಿ ಎಷ್ಟು ಗುಂಡಿ ಒತ್ತಿದರೂ ಹೆಚ್ಚಿನ ಅನಿಲ ಸುರ್ರೆಂದು ಹೊರಗೇ ಹೋಗುತ್ತದೆ. ಈ ಯಂತ್ರಗಳ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 400 ಗ್ರಾಂ ಆಸುಪಾಸು ಅನಿಲವಿದ್ದು, 60 ಲೀಟರ್‌ವರೆಗೆ ಸಾಲುತ್ತದೆ ಎಂದು ಮಾರುವವರು ಹೇಳುತ್ತಾರೆ. ಭಾಗಿಸಿ ನೋಡಿದರೆ ಲೀಟರಿಗೆ ಅಂಗಡಿಯ ಸೋಡಾದಷ್ಟು, ಅಂದರೆ 7 ಗ್ರಾಂ ಕೂಡ ಬರುವುದಿಲ್ಲ, ಸೋರಿಹೋದದ್ದನ್ನು ಕಳೆದರೆ ಇನ್ನೂ ಕಡಿಮೆ. ಗಂಟಲು ಚುರ್ರೆನ್ನುವ ಸೋಡಾ ಬೇಕೆನ್ನುವವರು ಅರವತ್ತರ ಆಸೆ ಬಿಡಬೇಕು. ಸಿಲಿಂಡರ್ ಖಾಲಿಯಾದಾಗ ಕೊರಿಯರಿನವರ ದಾರಿ ಕಾಯಬೇಕಾದ ನಮ್ಮಂಥ ಊರಿನವರು ನೀರನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟಿರುವುದು ಜಾಣತನ.

ಯಂತ್ರವಿಲ್ಲದವರಿಗೆ ಯೂಟ್ಯೂಬ್ ಹೇಳಿಕೊಡುವ ಉಪಾಯವೆಂದರೆ ಅಡುಗೆ ಸೋಡಾ ಮತ್ತು ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲದ ಹರಳನ್ನು) ನೀರಿಗೆ ಹಾಕುವುದು. ಇದನ್ನು ನಾನು ಒಪ್ಪುವುದಿಲ್ಲ. ತೆರೆದ ಲೋಟದಲ್ಲಿ ಹುಟ್ಟಿದ ಅನಿಲದ ಬಹುಪಾಲು ನೊರೆಯಾಗಿ ಹಾರಿಹೋಗುತ್ತದೆ, ಸೋಡಿಯಂ ಮಾತ್ರ ಪೂರ್ತಿಯಾಗಿ ನಮ್ಮ ಪಾಲಿಗೆ ಉಳಿಯುತ್ತದೆ. ಒಂದು ಚಮಚ, ಅಂದರೆ ಸುಮಾರು 5 ಗ್ರಾಂ ಅಡುಗೆ ಸೋಡಾದಲ್ಲಿ 1.3 ಗ್ರಾಂಗೂ ತುಸು ಹೆಚ್ಚು ಸೋಡಿಯಂ ಇರುತ್ತದೆ; ದೊಡ್ಡವರಿಗೆ ಇಡೀ ದಿನದ ಮಿತಿಯೇ 2 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಾರು ಎಲ್ಲವೂ ಇರುವ ಊಟದ ಮೇಲೆ ಇದನ್ನೂ ಕುಡಿಯುವುದು, ಅದರಲ್ಲೂ ರಕ್ತದೊತ್ತಡವಿರುವ ಹಿರಿಯರಿಗೆ ಜೀರ್ಣವಾಗಲೆಂದು ಕುಡಿಸುವುದು, ನನಗೆ ಸರಿಯೆನಿಸುವುದಿಲ್ಲ.

ಯೀಸ್ಟ್ ಹಾಕಿ ಶುಂಠಿ ಸೋಡಾ ಮಾಡುವ ಹಳೆಯ ವಿಧಾನದ ಬಗ್ಗೆ ನನಗೆ ಗೌರವವಿದೆ, ಜೊತೆಗೆ ಸ್ವಲ್ಪ ಭಯವೂ ಇದೆ. ಯೀಸ್ಟ್ ಒಂದು ಗ್ರಾಂ ಸಕ್ಕರೆಯನ್ನು ಹೆಚ್ಚುಕಡಿಮೆ ಅರ್ಧ ಗ್ರಾಂ ಅನಿಲವಾಗಿಯೂ ಅರ್ಧ ಗ್ರಾಂ ಆಲ್ಕೋಹಾಲ್ ಆಗಿಯೂ ಮಾರ್ಪಡಿಸುತ್ತದೆ. ಲೀಟರಿಗೆ 14 ಗ್ರಾಂ ಸಕ್ಕರೆ ಹುದುಗುವಷ್ಟರಲ್ಲಿ ಅಂಗಡಿಯ ಸೋಡಾದಷ್ಟು ಅನಿಲ ತುಂಬಿರುತ್ತದೆ, ಆಲ್ಕೋಹಾಲ್ ಶೇ. 1ರ ಹತ್ತಿರ ಬಂದಿರುತ್ತದೆ. ಮಕ್ಕಳಿಗೆ ಕೊಡುವ ಮುನ್ನ ಇದನ್ನು ತಿಳಿದಿರಬೇಕು. ಸಿಹಿಗೆಂದು ಹಾಕಿದ ಉಳಿದ ಸಕ್ಕರೆಯನ್ನೂ ಯೀಸ್ಟ್ ಬಿಡುವುದಿಲ್ಲ. ಹುದುಗುವುದನ್ನು ಸಮಯಕ್ಕೆ ತಡೆಯದಿದ್ದರೆ ಬಾಟಲಿಯೊಳಗಿನ ಒತ್ತಡ ಕಾರಿನ ಟೈರಿನೊಳಗಿನದನ್ನು ಮೀರಿ ಏರುತ್ತಲೇ ಹೋಗುತ್ತದೆ. ಗಾಜಿನ ಬಾಟಲಿ ಸಿಡಿದರೆ ಚೂರುಗಳು ಕಣ್ಣಿಗೆ ಹೊಡೆಯಬಹುದು, ಆದ್ದರಿಂದ ಗಾಜು ಬೇಡವೇ ಬೇಡ. ತಳದಲ್ಲಿ ಐದು ಉಬ್ಬುಗಳಿರುವ ಕೂಲ್‌ಡ್ರಿಂಕ್ಸ್ ಬಾಟಲಿ ಈ ಕೆಲಸಕ್ಕೆ ಸರಿ, ತೆಳುವಾದ ನೀರಿನ ಬಾಟಲಿ ಸರಿಯಲ್ಲ. ಹೊರಗಿನಿಂದ ಹಿಸುಕಿದಾಗ ಬಗ್ಗದಷ್ಟು ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಸೇರಿಸಬೇಕು. ಬೇಸಿಗೆಯ ಸೆಖೆಯಲ್ಲಿ ಇದಕ್ಕೆ ಒಂದು ದಿನವೂ ಬೇಕಾಗದೆ ಹೋಗಬಹುದು.

ಇನ್ನು ಸೋಡಾಕ್ಕೆ ಬೆರೆಸುವುದೇನು ಎಂಬ ಪ್ರಶ್ನೆ. ನಮ್ಮ ಮೂರು ಜಿಲ್ಲೆಗಳಲ್ಲಿರುವವರು ಇದಕ್ಕೆ ಸಿರಪ್ ಕಂಪನಿಗಳನ್ನು ಕೇಳಬೇಕೇ? ಶ್ರೀನಿವಾಸಪುರದ ಮಾವಿನಕಾಯಿಯನ್ನು ಬೇಯಿಸಿ ಹಿಂಡಿದ ರಸ, ತುಮಕೂರಿನ ಹುಣಸೆ, ಚಿಕ್ಕಬಳ್ಳಾಪುರದ ಕಪ್ಪು ದ್ರಾಕ್ಷಿ, ಸೊಗದೆ ಬೇರಿನ ಕಷಾಯ, ರಾಮನವಮಿಯ ಪಾನಕದ ಮೆಣಸು, ಏಲಕ್ಕಿ, ಶುಂಠಿ ಎಲ್ಲವೂ ಕೈಗೆಟುಕುವಂತಿವೆ. ನನಗೆ ಹೆಚ್ಚು ಇಷ್ಟವಾದದ್ದು ಹುಣಸೆಯದು: ನೆನೆಸಿ ಕಿವುಚಿದ ತಿಳಿಗೆ ಬೆಲ್ಲ, ಹುರಿದ ಜೀರಿಗೆ ಪುಡಿ, ಒಂದಿಷ್ಟು ಉಪ್ಪು. ಬೆಲ್ಲ ಹಾಕಿದ್ದರಿಂದ ಅದು ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ವಾದಿಸುವ ಬಂಧುಗಳು ಎಲ್ಲರ ಮನೆಯಲ್ಲೂ ಇರುತ್ತಾರೆ. ಬೆಲ್ಲದ ಬಹುಪಾಲು ಸಕ್ಕರೆಯೇ. ಲೋಟಕ್ಕೆ ಎರಡು ಚಮಚ ಸಾಕು, ಹುಳಿಯೂ ಉಪ್ಪೂ ಹದವಾಗಿದ್ದರೆ ಅಷ್ಟರಲ್ಲೇ ತೃಪ್ತಿಯಾಗುತ್ತದೆ.

ಈ ಪಾಕವನ್ನು ಯಂತ್ರದ ಬಾಟಲಿಗೆ ಹಾಕಿ ಗ್ಯಾಸ್ ಬಿಡಬಾರದು. ನೊರೆ ಉಕ್ಕಿ ಯಂತ್ರದ ನಳಿಕೆಯೊಳಗೆ ಅಂಟಿಕೊಳ್ಳುತ್ತದೆ. ಬರಿಯ ನೀರಿಗೆ ಗ್ಯಾಸ್ ತುಂಬಿ, ಬೆರೆಸುವುದನ್ನು ಲೋಟದಲ್ಲೇ ಮಾಡಬೇಕು. ಉಪ್ಪಿನ ಹರಳಾಗಲಿ ಶುಂಠಿಯ ನಾರಾಗಲಿ ಸೋಡಾಕ್ಕೆ ಬಿದ್ದರೆ ಅದರ ಮೈಮೇಲೆಲ್ಲ ಗುಳ್ಳೆ ಎದ್ದು ಅನಿಲ ಓಡಿಹೋಗುತ್ತದೆ, ಸಾಲ್ಟ್ ಸೋಡಾ ಮಾಡುವವರ ಕೈಯಲ್ಲಿ ಲೋಟ ಉಕ್ಕುವುದು ಇದರಿಂದಲೇ. ಹಾಗಾಗಿ ಪಾಕವನ್ನು ಬಟ್ಟೆಯಲ್ಲಿ ಸೋಸಿ, ಉಪ್ಪನ್ನು ಅದರಲ್ಲೇ ಕರಗಿಸಿ, ತಣ್ಣಗೆ ಮಾಡಿ ಲೋಟದ ತಳಕ್ಕೆ ಹಾಕಿಕೊಂಡು, ಸೋಡಾವನ್ನು ಲೋಟದ ಅಂಚಿನಗುಂಟ ನಿಧಾನವಾಗಿ ಸುರಿದು ಚಮಚದಿಂದ ಒಂದೇ ಸುತ್ತು ತಿರುಗಿಸಿದರೆ ಸಾಕು.