ಮಿಕ್ಕಿದ್ದು ಮುಖತಃ

ಪತ್ರದ ಕಾಲದ ಪ್ರೇಮ ಎಷ್ಟು ಖಾಸಗಿಯಾಗಿತ್ತು ಅಂತ ಯಾರಾದರೂ ನಿಟ್ಟುಸಿರು ಬಿಟ್ಟರೆ ನನಗೆ ನಗು ತಡೆಯೋಕಾಗಲ್ಲ. ನಮ್ಮಮ್ಮನಿಗೆ ಬಂದ ಪತ್ರ ಅಮ್ಮನ ಕೈಗೆ ಸಿಗೋ ಹೊತ್ತಿಗೆ ಮನೆಮಂದಿಯೆಲ್ಲ ಓದಿ ಮುಗಿಸಿರುತ್ತಿದ್ದರು.

1985ರ ಡಿಸೆಂಬರಿನಲ್ಲಿ ನಿಶ್ಚಿತಾರ್ಥ, ಮದುವೆ ಮೇ ತಿಂಗಳಲ್ಲಿ. ಅಪ್ಪ ಧಾರವಾಡದಲ್ಲಿ ರೂಮು ಮಾಡಿಕೊಂಡು ಕೆಲಸಕ್ಕಿದ್ದರು, ಅಮ್ಮ ಶಿರಸಿಯಲ್ಲಿ. ನಡುವಿನ ಐದು ತಿಂಗಳಿಗೆ ನೀಲಿ ಇನ್‌ಲ್ಯಾಂಡ್ ಲೆಟರೇ ಗತಿ. ಅಂಚಿನ ಅಂಟು ಗುಟ್ಟು ಕಾಯುತ್ತೆ ಅಂತ ಅಪ್ಪ ನಂಬಿ ಮೊದಲನೇದನ್ನ ಬರೆದಿದ್ದಾರೆ. ಅಜ್ಜ ಜಗಲಿಯಲ್ಲಿ ಕೂತು, ಅಡಕತ್ತರಿಯಲ್ಲೇ ಅಂಚು ಬಿಡಿಸಿ, ಊರಿಗೆ ಕೇಳೋ ಹಾಗೆ ಓದಿದರಂತೆ. ಅಮ್ಮ ಅಡುಗೆಮನೆ ಬಾಗಿಲ ಹಿಂದೆ.

ಸುದ್ದಿ ತಿಳಿದದ್ದೇ ಅಪ್ಪನ ಒಕ್ಕಣೆ ಬದಲಾಯಿತು. 'ಇಲ್ಲಿ ಎಲ್ಲರೂ ಕ್ಷೇಮ.' ಎಲ್ಲರೂ ಅಂದರೆ ಯಾರು? ರೂಮಿನಲ್ಲಿದ್ದದ್ದು ಅವರೊಬ್ಬರೇ! ಆಮೇಲೆ ಅಡಿಕೆ ದರ, ಅಜ್ಜನ ಮಂಡಿನೋವು, ಕೆಂಪು ದನ ಕರು ಹಾಕಿತೋ ಇಲ್ಲವೋ. ಕೊನೆಗೆ, ಅಂಟಿನ ಪಟ್ಟಿಗೆ ತಾಗೋ ಹಾಗೆ, 'ಮಿಕ್ಕಿದ್ದು ಮುಖತಃ'. ಅಜ್ಜ ಅಡಿಕೆ ಮಂಡಿಗೆ ಬರೆಯುವಾಗಲೂ ಅದನ್ನೇ ಬರೀತಿದ್ದರು, ಅನುಮಾನ ಬರಲಿಲ್ಲ. ಅಮ್ಮನಿಗೆ ಮಾತ್ರ ಆ ಎರಡು ಪದ ಸಾಕಿತ್ತು. 'ಐ ಲವ್ ಯೂ'ಗೆ ಕನ್ನಡದಲ್ಲಿ ಸರಿಯಾದ ಮಾತಿಲ್ಲ ಅನ್ನೋರಿಗೆ ನಾನು ಇದನ್ನೇ ತೋರಿಸೋದು. ಅಷ್ಟು ಜನ ಓದುತ್ತಿದ್ದರು ಅಂತಲೇ ಅಪ್ಪನಿಗೆ ಇಷ್ಟು ಜಾಣತನ ಬಂತು ಅಂತ ನನ್ನ ಗುಮಾನಿ. ಕದ್ದು ಓದೋರು ಇಲ್ಲದಿದ್ದರೆ ಅವರೂ ಚಂದ್ರ, ತಾರೆ ಅಂತ ಬರೆದು ಹಾಳುಮಾಡುತ್ತಿದ್ದರು.

ಒಂದು ಪತ್ರದಲ್ಲಂತೂ, 'ಧಾರವಾಡ 580001, ಶಿರಸಿ 581401. ಜಾತಕ ಕೂಡಿದ್ದು ಹೋಗಲಿ, ಪಿನ್‌ಕೋಡಿನ ಮೊದಲೆರಡು ಅಂಕಿಯೂ ಕೂಡಿದೆ' ಅಂತಿದೆ. 1972ರಲ್ಲಿ ಪಿನ್‌ಕೋಡ್ ತಂದವರು ಇಂಥ ಉಪಯೋಗ ಎಣಿಸಿರಲಿಕ್ಕಿಲ್ಲ.

ಅಮ್ಮನೂ ಕಮ್ಮಿಯಲ್ಲ. ಮಾರ್ಚ್‌ನಲ್ಲಿ ಸುರಗಿ ಅರಳಿತ್ತು. ಒಣಗಿದರೂ ತಿಂಗಳುಗಟ್ಟಲೆ ಘಮ ಬಿಡದ ಹೂವದು. ಒಣಗಿದ ಎರಡು ಹೂ ಇನ್‌ಲ್ಯಾಂಡಿನೊಳಗೆ ಇಟ್ಟು, ಅಂಟು ಸಾಲದು ಅಂತ ಅನ್ನದ ಅಗುಳು ತಿಕ್ಕಿ ಕಳಿಸಿಬಿಟ್ಟಿದ್ದಾರೆ. ಒಳಗೆ ಏನನ್ನೂ ಇಡಕೂಡದು ಅಂತ ಅದರ ಮೇಲೇ ಅಚ್ಚು ಹಾಕಿರುತ್ತೆ, ಯಾರು ಓದುತ್ತಾರೆ?

ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತು, "ಸಾಹೇಬ್ರ, ಇದರಾಗ ಏನೋ ಗಂಟು ಐತ್ರಿ. ದಂಡ ಬಿದ್ದೈತಿ" ಅಂದರಂತೆ. ಕಡಿಮೆ ಬಿದ್ದ ಅಂಚೆ ದರದ ಎರಡರಷ್ಟು ಕಟ್ಟಬೇಕು, ಇಲ್ಲಾಂದ್ರೆ ಪತ್ರ ವಾಪಸ್. ವಾಪಸ್ ಹೋದರೆ ಜಗಲಿ, ಅಜ್ಜ, ಅಡಕತ್ತರಿ! ಅಪ್ಪ ಚಿಲ್ಲರೆಗೆ ತಡಕಾಡಿ ಪಕ್ಕದ ರೂಮಿನವರ ಹತ್ತಿರ ಸಾಲ ತಂದರು. ದುಡ್ಡು ಎಣಿಸಿಕೊಂಡ ಪೋಸ್ಟ್‌ಮ್ಯಾನ್ ಪತ್ರ ಮೂಗಿಗೆ ಹಿಡಿದು, "ಸುರಗಿ ಅಲ್ರೀ?" ಅಂತ ಕೇಳಿಯೇ ಕೊಟ್ಟದ್ದು.

ಆ ಕಂತೆ ಈಗಲೂ ಅಪ್ಪನ ಟ್ರಂಕಿನಲ್ಲಿದೆ. ಹೂವು ಪುಡಿಯಾಗಿದೆ, ಅಗುಳಿನ ಕಲೆ ಉಳಿದಿದೆ. ಮೊನ್ನೆ ಅಮ್ಮನನ್ನ ಕೇಳಿದೆ, "ಅಲ್ಲ ಅಮ್ಮ, ಆ ಮಿಕ್ಕಿದ್ದು ಏನು? ಮದುವೆ ಆದಮೇಲೆ ಹೇಳಿದ್ರಾ?"

ಅಮ್ಮ ಹೀರೇಕಾಯಿ ಹೆರೆಯುತ್ತಾ, ಪೇಪರಿನೊಳಗೆ ಮುಳುಗಿದ್ದ ಅಪ್ಪನ ಕಡೆ ನೋಡಿದರು.

"ಎಂತದೂ ಇಲ್ಲ ಮಾರಾಯ. ಇನ್ನೂ ಕಾಯ್ತಾ ಇದ್ದೇನೆ."